ಕೇರಿ ಎಂಬ ಕಾಲಂ

ಮಧ್ಯಾಹ್ನ ನಾಲ್ಕು ಗಂಟೆ ಹದಿನೇಳು ನಿಮಿಷ. ಈ ಹೊತ್ತನ್ನು ನಾನು ನೆನಪಿಟ್ಟುಕೊಂಡಿರಲಿಲ್ಲ. ಫೈಲನ್ನು ಕೊನೆಯ ಸಲ ತಿದ್ದಿದ್ದು ಯಾವಾಗ ಎಂಬುದನ್ನು ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುತ್ತದೆ. ಎರಡು ವರ್ಷದ ಮೇಲೆ, ಒಂದು ಎಳೆಗೂಸು ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಾನು ಹೊರಗಿನ ಬೆಂಚಿನ ಮೇಲೆ ಕೂತು ಹಳೆಯ ಇ-ಮೇಲ್‌ಗಳನ್ನು ಹುಡುಕಿ ಆ ಫೈಲನ್ನು ತೆರೆದೆ. ಹೊತ್ತು ಅಲ್ಲಿತ್ತು. ನಾಲ್ಕು ಹದಿನೇಳು. ಅಷ್ಟೊತ್ತಿಗೆ ನಾನು ಒಂದು ಕಾಲಂ ಅಳಿಸಿ ಮುಗಿಸಿದ್ದೆ.

ಆಗ ನಾನು ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದೆ. ಯುರೋಪಿನ ಒಂದು ವಿಶ್ವವಿದ್ಯಾಲಯ, ನಮ್ಮ ರಾಯಚೂರಿನ ಒಂದು ಕಾಲೇಜು, ಎರಡೂ ಸೇರಿ ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ಅಂತರ್ಜಲ ಪರೀಕ್ಷಿಸುವ ಯೋಜನೆ. ಊರೂರಿಗೆ ಹೋಗಿ ಬಾವಿ, ಕೈಪಂಪುಗಳ ನೀರು ತರುವವರು ನಾವಿಬ್ಬರೇ ಹೆಂಗಸರು. ನಾನು ಮಾನ್ವಿಯವಳು, ಮಠದ ಪೂಜೆ ಮತ್ತು ಮಾಸ್ತರಿಕೆ ಎರಡನ್ನೂ ನಡೆಸಿಕೊಂಡು ಬಂದ ಮನೆಯ ಮಗಳು. ಇನ್ನೊಬ್ಬಳು ಅರಕೇರಾ ದಾರಿಯಲ್ಲಿನ ಒಂದು ಊರಿನವಳು. ಆ ಊರಿನ ಕೆಳಗಿನ ಕೇರಿಯಲ್ಲಿ ಬಿಎಸ್ಸಿ ಮುಗಿಸಿದ ಮೊದಲ ಹುಡುಗಿ. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ನಮ್ಮ ಮನೆಯ ಗೋಡೆಯ ಮೇಲೆ ರಾಯರದ್ದು. ಗಾಡಿಯ ಮೇಲೆ ಐಸ್ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಕೂಡುವುದು ಅವಳ ಕೆಲಸ, ಓಡಿಸುವುದು ನನ್ನ ಕೆಲಸ. ನೀರು ಕುಡಿಯಲು ಯೋಗ್ಯವಿದ್ದರೆ ಪಂಪಿಗೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು. ಬಣ್ಣ ಹಚ್ಚುವಾಗ ಇಬ್ಬರೂ ಕೈ ಮೈಗೆಲ್ಲ ಬಣ್ಣ ಮಾಡಿಕೊಳ್ಳುತ್ತಿದ್ದೆವು.

ಊರಿಗೆ ಹೋದರೆ ಮೊದಲು ಮೇಲಿನ ಕೇರಿ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಅಪ್ಪಣೆ ಕೊಡುವವರು ಅಲ್ಲಿದ್ದರು, ಚಹಾ ಅಲ್ಲಿ ಸಿಗುತ್ತಿತ್ತು, ನೆರಳೂ ಅಲ್ಲಿಯೇ. ಕೆಳಗಿನ ಕೇರಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನ. ನೋಟುಬುಕ್ಕಿನಲ್ಲಿ ಪ್ರತಿ ಬಾವಿಗೂ ಒಂದು ಗುರುತು ಬರೆಯುತ್ತಿದ್ದೆವು. ಊರಿನ ಸಂಖ್ಯೆ, ಅದರ ಮುಂದೆ ಕೇರಿಯ ಅಕ್ಷರ, ಅದರ ಮುಂದೆ ಬಾವಿಯ ಸಂಖ್ಯೆ. ಮೇಲಿನ ಕೇರಿಯ ಒಂದನೆಯ ಬಾವಿ, ಕೆಳಗಿನ ಕೇರಿಯ ಒಂದನೆಯ ಪಂಪು. ಅಕ್ಷರ ನೋಡಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತಿತ್ತು.

ಯೋಜನೆ ಮುಗಿಯುವ ಹೊತ್ತಿಗೆ ಹೊರದೇಶದಿಂದ ಪತ್ರ ಬಂತು. ಸಂಗ್ರಹಿಸಿದ ದತ್ತಾಂಶವನ್ನೆಲ್ಲ ಅಲ್ಲಿಯ ಒಂದು ಭಂಡಾರದಲ್ಲಿ ಇಡಬೇಕು, ಜಗತ್ತಿನ ಯಾರು ಬೇಕಾದರೂ ತೆಗೆದು ನೋಡುವಂತಿರಬೇಕು. ಪ್ರತಿ ಕಾಲಮ್ಮಿನ ಅರ್ಥವನ್ನೂ ಇಂಗ್ಲಿಷಿನಲ್ಲಿ ಒಂದೆರಡು ಸಾಲು ವಿವರಿಸಬೇಕು. ಆಳ, ರುಚಿ, ತಾರೀಖು, ಎಲ್ಲ ಸರಸರ ಬರೆದೆ. ಕೇರಿಯ ಹತ್ತಿರ ಬಂದು ಕೈ ನಿಂತಿತು. ಒಂದು ವಾಕ್ಯ ಟೈಪು ಮಾಡಿದೆ, ಅಳಿಸಿದೆ. ಇನ್ನೊಂದು ಮಾಡಿದೆ, ಅದನ್ನೂ ಅಳಿಸಿದೆ. ಆ ದೇಶದ ಪ್ರೊಫೆಸರರು ನಮ್ಮ ಮನೆಗೆ ಒಮ್ಮೆ ಊಟಕ್ಕೆ ಬಂದಿದ್ದರು. ನಮ್ಮ ಅಮ್ಮ ಬಡಿಸಿದ ಹೋಳಿಗೆ ತಿಂದು, ನಿಮ್ಮ ಜನ ಎಷ್ಟು ಒಳ್ಳೆಯವರು ಎಂದಿದ್ದರು. ಅವರು ಇದನ್ನು ಓದುತ್ತಾರೆ.

ಅವಳು ಪಕ್ಕದಲ್ಲಿ ಬಾಟ್ಲಿ ಒರೆಸುತ್ತ ಕೂತಿದ್ದಳು. "ಏನ್ ಅಳಸಾಕತ್ತೀರಿ ಅಕ್ಕಾರ?"

"ಕೇರಿ ಕಾಲಂ. ನಮ್ಮ ಮನಿ ಸುದ್ದಿ ಅವರಿಗ್ಯಾಕ?"

ಅವಳು ನಕ್ಕಳು. "ತೆಗೀರಿ, ತೆಗೀರಿ. ಊರಾಗಿಂದ ತೆಗಿಯಾಕ ಆಗ್ಲಿಲ್ಲ, ಕಾಗದದಾಗಿಂದಾದ್ರೂ ಹೋಗ್ಲಿ."

ನಾನೂ ನಕ್ಕೆ. ಕಾಲಂ ಹೋಯಿತು. ಬಾವಿಯ ಗುರುತಿನ ನಡುವಿನ ಅಕ್ಷರವನ್ನೂ ಒಂದೇ ಏಟಿಗೆ ತೆಗೆದೆ. ಫೈಲು ಕಳಿಸಿ ಇಬ್ಬರೂ ಸ್ಟೇಷನ್ ರಸ್ತೆಗೆ ಹೋಗಿ ಮಿರ್ಚಿ ಭಜಿ ತಿಂದೆವು. ಎರಡನೆಯ ದಿನ ಭಂಡಾರದಿಂದ ಉತ್ತರ ಬಂತು: ದತ್ತಾಂಶ ಬಹಳ ಸ್ವಚ್ಛವಾಗಿದೆ, ಧನ್ಯವಾದ.

ಆಮೇಲಿನದು ಎಲ್ಲ ಯೋಜನೆಗಳ ಹಣೆಬರಹ. ಹಣ ನಿಂತಿತು. ನಮ್ಮ ಕೋಣೆಯನ್ನು ಬೇರೆ ವಿಭಾಗಕ್ಕೆ ಕೊಟ್ಟರು. ಹಾರ್ಡ್ ಡಿಸ್ಕ್ ಕೆಟ್ಟಿತು, ರಿಪೇರಿಗೆ ಕೊಟ್ಟವರಿಗೆ ಕೊಟ್ಟಿದ್ದೇ ನೆನಪಿಲ್ಲ. ನಾನು ರಾಯಚೂರಿನಲ್ಲೇ ಅತಿಥಿ ಉಪನ್ಯಾಸಕಿಯಾದೆ. ಅವಳು ಮಾನ್ವಿಯಲ್ಲಿ ಒಂದು ಖಾಸಗಿ ಶಾಲೆಗೆ ವಿಜ್ಞಾನ ಕಲಿಸಲು ಸೇರಿ, ಅಲ್ಲಿಯೇ ಒಂದು ಕೋಣೆ ಬಾಡಿಗೆ ಹಿಡಿದಳು. ಡಿಸ್ಕ್ ಹೋದದ್ದು ಗೊತ್ತಾದಾಗ ನಾನು ಹೆಚ್ಚು ಮರುಗಲಿಲ್ಲ. ಸಮುದ್ರದಾಚೆ ಭದ್ರವಾಗಿದೆಯಲ್ಲ ಎಂದುಕೊಂಡೆ.

ಅವಳ ತಂಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಇರುವುದು ತಗಡಿನ ಶೆಡ್ಡಿನಲ್ಲಿ. ಹಾಗಾಗಿ ಬಾಣಂತಿ, ಕೂಸು ಇಲ್ಲಿಯೇ ಇರುವುದೆಂದು ಆಗಿತ್ತು. ಹೆಣ್ಣು ಕೂಸು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ, "ಬರ್ರಿ ಅಕ್ಕಾರ, ಕೂಸಿನ್ನ ನೋಡಿ ಹೋಗೀರಂತ" ಎಂದು ಕರೆದಳು. ನಾನು ಒಂದು ಜೊತೆ ಬೆಳ್ಳಿ ಕಾಲ್ಗಡಗ ತೆಗೆದುಕೊಂಡು ಹೋದೆ.

ಕೆಳಗಿನ ಕೇರಿಯ ಪಂಪು ಹಸಿರಾಗಿತ್ತು.

ಈ ಪಂಪಿಗೆ ನನ್ನ ಕೈಯಾರೆ ಕೆಂಪು ಹಚ್ಚಿದ್ದೆ. ಮೇಲಿನ ಕೇರಿಯ ಚರಂಡಿಯೆಲ್ಲ ಇಳಿದು ಬರುವುದು ಇದರ ಪಕ್ಕಕ್ಕೆ, ತಿಪ್ಪೆಗಳಿರುವುದೂ ಅಲ್ಲಿಯೇ. ಅದರ ನೀರಿನಲ್ಲಿ ನೈಟ್ರೇಟ್ ತುಂಬಿತ್ತು. ದೊಡ್ಡವರಿಗೆ ತಕ್ಷಣ ಏನೂ ಆಗುವುದಿಲ್ಲ. ಎಳೆಗೂಸಿನ ರಕ್ತವನ್ನು ಅದು ಕೆಡಿಸುತ್ತದೆ, ರಕ್ತ ಉಸಿರನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ನಾನು ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೂ ಹಸಿರು ಬಣ್ಣ ನೋಡಿ ನಾನು ಯೋಚಿಸಿದ್ದು ಇಷ್ಟೇ: ಹೊಸದಾಗಿ ಆಳಕ್ಕೆ ಕೊರೆಸಿರಬಹುದು. ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಕೇಳಬಹುದಿತ್ತು. ಬಂದ ಕೂಡಲೇ ನೀರಿನ ಮಾತು ಎತ್ತಿದರೆ ಈ ಮನೆಯ ನೀರು ಕುಡಿಯಲು ಹಿಂದೇಟು ಹಾಕುತ್ತಾಳೆ ಎಂದುಕೊಂಡಾರು ಎಂಬ ಸಂಕೋಚ. ಚಹಾ ಬಂತು, ಕುಡಿದೆ. ಆ ಚಹಾ ಮುಗಿಯುವಷ್ಟರಲ್ಲಿ ಅವಳ ತಾಯಿ ನನ್ನ ಕಣ್ಣ ಮುಂದೆ ಡಬ್ಬಿಯ ಹಾಲಿನ ಪುಡಿ ಕಲಸಿ, ಬಾಟ್ಲಿಗೆ ಹಾಕಿ, ಕೂಸಿಗೆ ಕುಡಿಸಿದಳು.

"ನನ್ನ ಮಗಳಿಗೆ ಎದಿಹಾಲು ಕಡಿಮಿರಿ ಅಕ್ಕಾರ. ನಾ ಮತ್ತ ನೀರು ಹಂಗ ಹಾಕಂಗಿಲ್ಲ. ಎರಡೆರಡು ಸಲ ಕಾಸ್ತೀನಿ. ಅರ್ಧಕ್ಕ ಇಳಿಯೋತನಕ ಕಾಸ್ತೀನಿ."

ಕಾಸಿದರೆ ಹುಳ ಸಾಯುತ್ತವೆ. ನೈಟ್ರೇಟ್ ಸಾಯುವುದಿಲ್ಲ, ನೀರು ಇಳಿದಷ್ಟೂ ಅದು ದಪ್ಪವಾಗುತ್ತದೆ. ಆ ಅಜ್ಜಿಯಷ್ಟು ಜತನ ಮಾಡದವರ ಕೂಸು ಬಹುಶಃ ಅಷ್ಟು ಕೆಡುತ್ತಿರಲಿಲ್ಲ.

ಕಾಲ್ಗಡಗ ಹಾಕಲೆಂದು ಕೂಸಿನ ಪಾದ ಹಿಡಿದಾಗ ಉಗುರು ಕಂಡವು. ಬೂದಿ ಬಣ್ಣ. ತುಟಿ ನೋಡಿದೆ, ಅದೂ ಹಾಗೆಯೇ. "ಕಪ್ಪಗ ಅದ, ಅಪ್ಪನ ಬಣ್ಣ ಬಂದದ" ಎಂದು ಅಜ್ಜಿ ಹೇಳುತ್ತಿದ್ದಳು.

"ಈ ನೀರು ಎಲ್ಲಿದು?"

"ಇಲ್ಲೇ ಪಂಪಿಂದು. ಹಸರು ಹಚ್ಚಿ ಹೋಗ್ಯಾರಲ್ರಿ!"

ನಾನು ಎದ್ದದ್ದು, ಕೂಗಿದ್ದು, ಯಾರದೋ ಟಂಟಂ ಆಟೊ ನಿಲ್ಲಿಸಿದ್ದು, ಇದೆಲ್ಲ ಬೇರೆಯವರು ಹೇಳಿದ ಮೇಲೆ ನನಗೆ ಗೊತ್ತಾದದ್ದು. ನನಗೆ ನೆನಪಿರುವುದು ಟಂಟಂ ಒಳಗಿನದು. ದೇವದುರ್ಗದವರೆಗಿನ ರಸ್ತೆಯಲ್ಲಿ ಪ್ರತಿ ತೆಗ್ಗಿಗೂ ಕೂಸಿನ ತಲೆ ಅಲ್ಲಾಡುತ್ತಿತ್ತು. ಅದು ಅಳುತ್ತಿರಲಿಲ್ಲ, ಕುರಿಮರಿಯಂತೆ ಸಣ್ಣಗೆ ನರಳುತ್ತಿತ್ತು. ಬಾಣಂತಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಅದನ್ನೇ ಕಚ್ಚಿಕೊಂಡಿದ್ದಳು. ಅಜ್ಜಿ ಸೆರಗಿನಿಂದ ಬಾಟ್ಲಿ ತೆಗೆದು ಮತ್ತೆ ಬಾಯಿಗಿಡಲು ಹೋದಳು. ನಾನು ಕಸಿದು ಹೊರಗೆ ಎಸೆದೆ. ಅವಳು ನನ್ನ ಕೈಗೆ ಫಟೀರೆಂದು ಹೊಡೆದಳು.

"ಹಸದ ಕೂಸಿನ ಬಾಯಾಗಿಂದು ಕಸಗೊಂತೀರಿ! ಏನ್ ಹೆಂಗಸರೀ ನೀವು!"

"ಯವ್ವಾ, ಸುಮ್ಕಿರು" ಎಂದಳು ಬಾಣಂತಿಯ ಅಕ್ಕ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು.

ದೇವದುರ್ಗದಲ್ಲಿ ಆಮ್ಲಜನಕ ಹಾಕಿ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ಆಮ್ಲಜನಕ ಎಷ್ಟು ಕೊಟ್ಟರೂ ಬಣ್ಣ ತಿರುಗಲಿಲ್ಲ. ರಾಯಚೂರಿನಲ್ಲಿ ವೈದ್ಯೆಯೊಬ್ಬರು ಸೂಜಿಯಲ್ಲಿ ತೆಗೆದ ರಕ್ತವನ್ನು ಬಿಳಿ ಹತ್ತಿಯ ಮೇಲೆ ಒಂದು ಹನಿ ಬಿಟ್ಟರು. ಕೆಂಪಿರಲಿಲ್ಲ. ಚಹಾದ ಗಷ್ಟಿನ ಬಣ್ಣ. ನಾನು ನೈಟ್ರೇಟ್ ಎಂದೆ, ಪಂಪಿನ ವಿಷಯ ಹೇಳಿದೆ. ಅವರು ಒಳಗೆ ಓಡಿದರು. ಕಡುನೀಲಿ ಬಣ್ಣದ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಗಾಜಿನ ಬಾಗಿಲಾಚೆ ನಿಂತು ನಾವು ಮೂವರೂ ಕೂಸಿನ ತುಟಿಯನ್ನೇ ನೋಡುತ್ತಿದ್ದೆವು. ಅಜ್ಜಿ ನೋಡಲಾರದೆ ಗೋಡೆಗೆ ಮುಖ ಮಾಡಿದ್ದಳು. ತುಟಿ ಮೆಲ್ಲಗೆ ಕೆಂಪಾಯಿತು. ಆಮೇಲೆ ಕೂಸು ಅತ್ತಿತು, ಗಟ್ಟಿಯಾಗಿ, ಸಿಟ್ಟಿನಿಂದ.

ಉಳಿಯಿತು. ಆದರೆ ನನಗೆ ಇವತ್ತಿಗೂ ಕಣ್ಣ ಮುಂದೆ ಬರುವುದು ಆಸ್ಪತ್ರೆಯಲ್ಲ. ಆ ಚಹಾದ ಲೋಟ, ಅಜ್ಜಿಯ ಕೈಯ ಬಾಟ್ಲಿ, ಹಸಿರು ನೋಡಿಯೂ ಬಾಯಿ ಬಿಡದೆ ಕೂತ ನಾನು. ಅಷ್ಟೂ ಹೊತ್ತನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಕೂಸು ಬಾಟ್ಲಿ ಚೀಪುವ ಸದ್ದು. ತಾಸೊಪ್ಪತ್ತು ಮಲಗಿ ಎದ್ದು ಕೂಡುವುದು ಅಂದಿನಿಂದ ರೂಢಿಯಾಯಿತು.

ವೈದ್ಯೆ ಕೂಸನ್ನು ಬಿಡುವಾಗ ಹೇಳಿದ್ದು ಒಂದೇ ಮಾತು: ಆ ನೀರು ಇನ್ನೊಮ್ಮೆ ಹೊಟ್ಟೆಗೆ ಹೋಗಬಾರದು. ತಾಯಿ ಕೂಸು ಮಾನ್ವಿಯಲ್ಲಿ ಅಕ್ಕನ ಬಾಡಿಗೆ ಕೋಣೆಗೆ ಹೋದರು. ಒಂದೇ ಕೋಣೆ. ಮಾಲಕರು ಹೆಚ್ಚು ದಿನ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅಜ್ಜಿ ದಿನಕ್ಕೆರಡು ಸಲ ಫೋನು ಮಾಡಿ, ಕೂಸನ್ನು ಯಾವಾಗ ಕರಕೊಂಡು ಬರುತ್ತೀರಿ ಎಂದು ಕೇಳುತ್ತಿದ್ದಳು. ಪಂಪು ಹಸಿರು ಇರುವತನಕ ಹೇಗೆ ಬರುವುದು?

ಕೇಳುವವರಿಗೆ ಇದು ಸಣ್ಣ ವಿಷಯ ಎನಿಸಬಹುದು. ಪಂಪಿನ ನೀರು ಬೇಡ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮೇಲಿನ ಕೇರಿಯ ಸಿಹಿನೀರಿನ ಬಾವಿ ಇದೆ, ಅಲ್ಲಿಂದ ತಂದರಾಯಿತು. ನಾವು ಕೆಂಪು ಹಚ್ಚಿದಾಗ ಆದದ್ದೂ ಅದೇ. ಪಂಚಾಯ್ತಿಯಲ್ಲಿ ಜಗಳವಾಗಿ, ಅಧಿಕಾರಿಗಳು ಬಂದು, ಕೆಳಗಿನ ಕೇರಿಗೂ ಆ ಬಾವಿಯಿಂದ ನೀರು ಕೊಡಬೇಕೆಂದು ತೀರ್ಮಾನವಾಗಿತ್ತು. ಕೊಡ ಇಟ್ಟು ದೂರ ನಿಂತರೆ ಮೇಲಿನವರು ಸೇದಿ ಸುರಿಯುತ್ತಿದ್ದರು. ಕೆಂಪು ಇದ್ದಷ್ಟು ದಿನ ಅದು ನಡೆಯಿತು. ಹಸಿರು ಬಂದ ಮರುದಿನವೇ ನಿಂತಿತು.

ಆ ಬಾವಿಯ ಹತ್ತಿರ ಮನೆಯಿದ್ದ ಒಬ್ಬ ಹಿರಿಯರನ್ನು ಹೋಗಿ ಕೇಳಿದೆ. ನಮ್ಮ ತಂದೆಯನ್ನು ಬಲ್ಲವರು. ಕುರ್ಚಿ ಹಾಕಿಸಿ ಕೂಡಿಸಿದರು.

"ನೋಡ್ರಿ ಅಕ್ಕಾರ, ಕೂಸಿಂದು ಕೇಳಿ ನಮಗೂ ಕೆಟ್ಟ ಅನಿಸ್ತು. ಆದ್ರ ಅವರ ಪಂಪಿಗಿ ಸರ್ಕಾರದವರೇ ಹಸರು ಹಚ್ಯಾರ. ಅಲ್ಲಿ ನೀರು ಚಲೋ ಅದಂದ ಮ್ಯಾಲ ಇಲ್ಲಿಗ್ಯಾಕ ಬರ್ತಾರ?"

"ಚಲೋ ಇಲ್ರೀ. ನಾನೇ ಪರೀಕ್ಷಾ ಮಾಡೀನಿ."

"ಹಂಗಂತ ಬರಸಗೊಂಡು ಬರ್ರಿ. ನಾವೇನ್ ಬ್ಯಾಡಂತೀವೇನು?"

ಬರೆಸಿಕೊಂಡು ಬರಲು ಹೊರಟೆ. ಪಂಚಾಯ್ತಿಯವರು, ಬಣ್ಣ ನಾವು ಹಚ್ಚಿದ್ದಲ್ಲ, ಪಟ್ಟಿ ಮೇಲಿನಿಂದ ಬಂದದ್ದು ಎಂದರು. ದೇವದುರ್ಗದ ಕಚೇರಿಯವರು, ಪಟ್ಟಿ ಮಾಡಿದ್ದು ರಾಯಚೂರಿನ ಒಂದು ಸಲಹಾ ಸಂಸ್ಥೆ ಎಂದರು. ಆ ಸಂಸ್ಥೆ ಇದ್ದದ್ದು ನಾನು ದಿನಾ ಹಾದುಹೋಗುವ ರಸ್ತೆಯಲ್ಲೇ, ಎರಡನೆಯ ಮಹಡಿಯಲ್ಲಿ. ಅಲ್ಲಿ ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನ ಒಬ್ಬರು ನನಗೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು.

"ಇದು ಇಲ್ಲಿಂದಲ್ಲ ಮೇಡಂ. ಇಂಟರ್‌ನ್ಯಾಷನಲ್ ಡೇಟಾ ಅದ. ಫಾರಿನ್ ಆರ್ಕೈವ್‌ನಿಂದ ತಗೊಂಡೀವಿ. ಇದರಾಗ ತಪ್ಪು ಬರಂಗಿಲ್ಲ."

ಪರದೆಯ ಮೇಲಿದ್ದದ್ದು ನನ್ನ ಫೈಲು. ರುಚಿಯ ಕಾಲಮ್ಮಿನಲ್ಲಿ ನಾನು ಮಾಡಿದ ಒಂದು ಕಾಗುಣಿತದ ತಪ್ಪು ಕೂಡ ಹಾಗೆಯೇ ಇತ್ತು.

"ಇದು ನನ್ನ ಡೇಟಾ ಅದರಿ. ನಾನೇ ಗಾಡಿ ಮ್ಯಾಲ ಅಡ್ಡಾಡಿ ತಂದಿದ್ದು."

ಅವರು ಮೇಲೆ ಕೆಳಗೆ ಸರಿಸಿ ಹುಡುಕಿದರು. "ನಿಮ್ಮ ಹೆಸರು ಎಲ್ಲೂ ಕಾಣವಲ್ದಲ್ರಿ ಮೇಡಂ."

ಕಾಣುವುದಿಲ್ಲ. ಇರುವುದು ಪ್ರೊಫೆಸರರ ಹೆಸರು. ನಮ್ಮಿಬ್ಬರನ್ನು 'ಸ್ಥಳೀಯ ಕ್ಷೇತ್ರ ತಂಡ' ಎಂದು ಕರೆದಿದ್ದರು.

ಆ ಊರಿನ ಸಾಲು ನೋಡಿದೆ. ಒಂದೇ ಸಾಲಿತ್ತು. ಎರಡಿರಬೇಕಿತ್ತು. ಏನಾಗಿದೆಯೆಂದು ತಿಳಿಯಲು ಅರ್ಧ ನಿಮಿಷ ಸಾಕಾಯಿತು, ಅದನ್ನು ಒಪ್ಪಿಕೊಳ್ಳಲು ಇನ್ನೂ ಒಪ್ಪತ್ತು ಬೇಕಾಯಿತು. ಯಾರ ಮನೆಯ ಬಾವಿ ಎಂದು ಗುರುತು ಸಿಗಬಾರದೆಂದು ಭಂಡಾರದವರು ಅಕ್ಷಾಂಶ ರೇಖಾಂಶಗಳ ಕೊನೆಯ ಅಂಕಿಗಳನ್ನು ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದರೆ ಇಡೀ ಊರು ನಕಾಶೆಯಲ್ಲಿ ಒಂದೇ ಚುಕ್ಕೆ. ಚುಕ್ಕೆ ಒಂದೇ, ತಾರೀಖು ಒಂದೇ, ನಾನು ಕೇರಿಯ ಅಕ್ಷರ ಕಿತ್ತದ್ದರಿಂದ ಬಾವಿಯ ಗುರುತೂ ಒಂದೇ. ಎರಡು ಸಲ ಬಂದದ್ದನ್ನು ಒಂದು ಮಾಡುವ ಅವರ ಪ್ರೋಗ್ರಾಂ ಮೊದಲ ಸಾಲನ್ನು ಇಟ್ಟುಕೊಂಡು ಎರಡನೆಯದನ್ನು ತೆಗೆದುಹಾಕಿತ್ತು. ಉಳಿದ ಆ ಒಂದು ಸಾಲಿನ ಹಸಿರನ್ನೇ ಇಡೀ ಊರಿಗೆ ಹಚ್ಚಿದ್ದರು. ಮೊದಲ ಸಾಲು ಯಾವಾಗಲೂ ಮೇಲಿನ ಕೇರಿಯದು. ನಾವು ಚಹಾ ಕುಡಿದ ಕೇರಿ.

ಹೊಸದಾಗಿ ನೀರು ತಂದು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಕೊಟ್ಟೆ. ಖಾಸಗಿ ಪರೀಕ್ಷೆ ನಡೆಯುವುದಿಲ್ಲ ಎಂದರು. ಸರಕಾರಿ ಲ್ಯಾಬಿನಲ್ಲಿ ಸರದಿ ದೊಡ್ಡದಿತ್ತು. ಮೂಲದಲ್ಲಿ ತಿದ್ದುಪಡಿಯಾದರೆ ನಮ್ಮ ಪಟ್ಟಿ ತಾನೇ ಬದಲಾಗುತ್ತದೆ ಮೇಡಂ ಎಂದು ಕನ್ನಡಕದವರು ಸಮಾಧಾನ ಹೇಳಿದರು. ಮೂಲ ಎಲ್ಲಿದೆ? ಆ ಊರಿನ ಪಂಪಿನ ಹತ್ತಿರ ನಿಂತರೆ ಮೂಲ ಕಾಲಕೆಳಗೇ ಇದೆ. ಅವರ ಪ್ರಕಾರ ಮೂಲ ಸಮುದ್ರದಾಚೆ.

ಭಂಡಾರಕ್ಕೆ ಬರೆದೆ. ಉತ್ತರ ಬಂತು, ಬಹಳ ಸಭ್ಯ ಭಾಷೆಯಲ್ಲಿ. ದತ್ತಾಂಶ ಇಟ್ಟವರು ಮಾತ್ರ ತಿದ್ದುಪಡಿ ಕೇಳಬಹುದು. ಪ್ರೊಫೆಸರರಿಗೆ ಬರೆದೆ. ಅವರು ನಿವೃತ್ತರಾಗಿದ್ದರು, ಆ ವಿಳಾಸ ಈಗ ಇಲ್ಲವೆಂದು ಪತ್ರ ಮರಳಿತು. ಅವರ ವಿಭಾಗಕ್ಕೆ ಬರೆದೆ. ರಜೆಯಲ್ಲಿದ್ದೇವೆ, ಬಂದ ಮೇಲೆ ನೋಡುತ್ತೇವೆ ಎಂದು ಯಂತ್ರ ಉತ್ತರಿಸಿತು. ಮತ್ತೆ ಭಂಡಾರಕ್ಕೆ ಬರೆದು ಒಂದು ಕೂಸು ಸಾಯುವುದರಲ್ಲಿತ್ತು ಎಂದು ತಿಳಿಸಿದೆ. ವಿಷಯ ಕೇಳಿ ವಿಷಾದವಾಯಿತು, ಎರಡು ಬಾವಿ ಬೇರೆ ಬೇರೆ ಎನ್ನಲು ಮೂಲ ದಾಖಲೆ ಕಳಿಸಿ ಎಂದರು. ನನ್ನ ಹತ್ತಿರ ಇದ್ದದ್ದು ನಾಲ್ಕು ಹದಿನೇಳರ ನಂತರದ ಫೈಲು. ನಮ್ಮ ನೋಟುಬುಕ್ಕುಗಳಿದ್ದ ಕಬ್ಬಿಣದ ಕಪಾಟನ್ನು ಹುಡುಕಿಕೊಂಡು ಕಾಲೇಜಿಗೆ ಮೂರು ಸಲ ಹೋದೆ. ಕಪಾಟು ಸಿಕ್ಕಿತು. ಅದರಲ್ಲಿ ಯಾರದೋ ಕ್ರಿಕೆಟ್ ಪ್ಯಾಡುಗಳಿದ್ದವು.

ಮಾನ್ವಿಗೆ ಹೋಗಿ ಅವಳ ಕೋಣೆಯ ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದೆ. ಆ ಕಾಲಂ ಅಳಿಸಿದ್ದರಿಂದಲೇ ಹೀಗಾಯಿತು ಎಂಬುದನ್ನೂ. ಇಷ್ಟು ದಿನ ಅದೊಂದನ್ನು ಹೇಳಿರಲಿಲ್ಲ. ಕೂಸು ಅವಳ ತೊಡೆಯ ಮೇಲೆ ಮಲಗಿತ್ತು, ಹಾಗಾಗಿ ಅವಳು ಸದ್ದು ಮಾಡದೆ ಸಿಟ್ಟಾದಳು.

"ನಾಚಿಕಿ ಬಂತಂತ ಅಳಸಿದ್ರಿ. ನಾಚಿಕಿ ಯಾರಿಗಿ ಬಂತು? ನಿಮಗ. ನೀರು ಯಾರು ಕುಡದ್ರು?"

"ಆವತ್ತು ನೀನೂ ನಕ್ಕಿದ್ದಿ."

"ನಕ್ಕೆ. ನಗಲಾರದ ಮತ್ತೇನ್ ಮಾಡ್ಬೇಕಿತ್ತು? ಬ್ಯಾಡ್ರಿ ಅಕ್ಕಾರ, ಆ ಕಾಲಂ ಇರ್ಲಿ ಅಂತ ನಾ ನಿಮ್ಮ ಮುಂದ ಕೈ ಮುಗೀಬೇಕಿತ್ತೇನು?"

ಅವಳು ಸ್ವಲ್ಪ ಹೊತ್ತು ಕೂಸಿನ ಬೆನ್ನು ತಟ್ಟಿದಳು. ಆಮೇಲೆ ಗದ್ದದಿಂದ ಮೂಲೆಯ ಕಡೆ ತೋರಿಸಿದಳು. "ಆ ಟ್ರಂಕಿನ್ಯಾಗ ಅದಾವು ನೋಡ್ರಿ. ಕಪಾಟಿನ್ಯಾಗ ಒರಲಿ ಹತ್ತಿತ್ತು. ಅವತ್ತ ತಂದು ಇಟ್ಟೀನಿ. ನೀವು ಒಮ್ಮೆನೂ ಕೇಳಿಲ್ಲ."

ನೋಟುಬುಕ್ಕುಗಳೆಲ್ಲ ಇದ್ದವು. ಪೆನ್ಸಿಲಿನ ಬರಹ, ಅವಳ ಅಕ್ಷರ. ಆ ಊರಿನ ಪುಟದಲ್ಲಿ ಎರಡು ಸಾಲು, ಎರಡು ಕೇರಿ. ಎರಡನೆಯ ಸಾಲಿನ ಮುಂದೆ ಅವಳು ಆವತ್ತೇ ಬರೆದಿದ್ದಳು: ಕೂಸುಗಳಿಗೆ ಕೊಡಬಾರದು.

ಪುಟಗಳ ಫೋಟೊ ಕಳಿಸಿದೆವು. ಭಂಡಾರದ ಒಬ್ಬ ಹೆಂಗಸು ವಿಡಿಯೊ ಕರೆಯಲ್ಲಿ ಮಾತಾಡಬೇಕೆಂದರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಕೋಣೆಯಲ್ಲೇ ಕೂತೆವು. ಆ ಹೆಂಗಸು ಪುಟಗಳನ್ನು ನಿಜಕ್ಕೂ ಓದಿದ್ದರು, ಯಾರನ್ನೋ ಹಿಡಿದು ಕನ್ನಡವನ್ನೂ ಅನುವಾದ ಮಾಡಿಸಿದ್ದರು. ಒಂದೇ ಪ್ರಶ್ನೆ ಕೇಳಿದರು. ಬಾವಿಗಳು ಇಷ್ಟು ಹತ್ತಿರ ಇವೆ, ಒಂದು ಕೆಟ್ಟರೆ ಜನ ಇನ್ನೊಂದಕ್ಕೆ ಹೋಗುತ್ತಾರಲ್ಲವೇ? ಎರಡನ್ನೂ ಬೇರೆ ಬೇರೆ ತೋರಿಸುವ ಅಗತ್ಯವೇನು?

ನಾನು ಇಂಗ್ಲಿಷಿನ ಪದ ಹುಡುಕುತ್ತ ತಡವರಿಸಿದೆ. ಅವಳು ಮುಂದೆ ಬಾಗಿ, ತಾನು ಮಕ್ಕಳಿಗೆ ಪಾಠ ಹೇಳುವ ಇಂಗ್ಲಿಷಿನಲ್ಲಿ ಹೇಳಿದಳು: ಆ ಬಾವಿಯಲ್ಲಿ ನಮ್ಮ ಮನೆಯವರು ನೀರು ಸೇದುವಂತಿಲ್ಲ. ಸಂಪರ್ಕ ಕಡಿಯಿತೆಂದು ನಾನು ಫೋನನ್ನು ಅಲ್ಲಾಡಿಸಿದೆ. ಕಡಿದಿರಲಿಲ್ಲ.

ಪ್ರಾಣಾಪಾಯವಿದ್ದರೆ ಭಂಡಾರವೇ ತಿದ್ದುಪಡಿ ಪ್ರಕಟಿಸಬಹುದೆಂಬ ನಿಯಮವನ್ನು ಅವರು ಎಲ್ಲಿಂದಲೋ ಹುಡುಕಿ ತೆಗೆದರು. ಎರಡನೆಯ ಸಾಲು ಮರಳಿ ಬರಬೇಕಾದರೆ ಕೇರಿಯ ಕಾಲಂ ಮರಳಬೇಕು, ಅದಕ್ಕೆ ವಿವರಣೆ ಬೇಕು. ಎರಡು ವರ್ಷದ ಹಿಂದೆ ನನ್ನಿಂದ ಆಗದ ಆ ವಾಕ್ಯವನ್ನು ಇಬ್ಬರೂ ಕೂತು ಬರೆದೆವು. ನಾನು 'ಸಾಮಾಜಿಕ ಕಾರಣಗಳಿಂದ' ಎಂದು ಶುರು ಮಾಡಿದೆ. ಅವಳು ಅದನ್ನು ಹೊಡೆದುಹಾಕಿದಳು. "ಕಾರಣಂದ್ರ ಏನು? ಮಳಿ ಬಿದ್ದಿಲ್ಲಂತ ಸೇದಂಗಿಲ್ಲೇನು? ಜಾತಿ ಅಂತ ಬರೀರಿ." ಬರೆದೆವು. ಈ ಊರಿನಲ್ಲಿ ಎರಡು ಕೇರಿಗಳಿವೆ, ಜಾತಿಯ ಕಾರಣದಿಂದ ಒಂದರ ಬಾವಿಯಲ್ಲಿ ಇನ್ನೊಂದರವರು ನೀರು ಸೇದಲು ಬಿಡುವುದಿಲ್ಲ, ಹಾಗಾಗಿ ಪ್ರತಿ ಬಾವಿಯನ್ನೂ ಕೇರಿಯ ಸಹಿತ ಓದಬೇಕು. ಕಳಿಸುವಾಗ ನನ್ನ ಕಿವಿ ಬಿಸಿಯಾಗಿತ್ತು.

ಹೊಸ ಆವೃತ್ತಿ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ರಾಯಚೂರಿನ ಎರಡನೆಯ ಮಹಡಿಗೆ ನಾಲ್ಕು ಸಲ ಹತ್ತಿ ಇಳಿದೆ. ಡೌನ್‌ಲೋಡ್ ಮಾಡುವವರು ರಜೆ, ಸಹಿ ಮಾಡುವವರು ಮೀಟಿಂಗು, ಬಣ್ಣ ಹಚ್ಚುವ ಗುತ್ತಿಗೆ ಮುಗಿದಿದೆ. ಹಳೆಯ ಆವೃತ್ತಿಯನ್ನು ಅಳಿಸಿಬಿಡಿ ಎಂದು ಭಂಡಾರಕ್ಕೆ ಬೇಡಿಕೊಂಡೆ. ಭಂಡಾರ ಏನನ್ನೂ ಅಳಿಸುವುದಿಲ್ಲವಂತೆ, ಪಕ್ಕದಲ್ಲಿ ಒಂದು ಎಚ್ಚರಿಕೆ ಹಾಕುತ್ತದೆ ಅಷ್ಟೇ. ನನ್ನ ತಪ್ಪು ಅಲ್ಲಿ ಯಾರು ಬೇಕಾದರೂ ನೋಡುವಂತೆ ಇನ್ನೂ ಇದೆ. ಅದು ಸರಿಯೇ ಇರಬಹುದು, ಸಿಟ್ಟಂತೂ ಬಂತು.

ಕೊನೆಗೆ ಪಂಪಿಗೆ ಕೆಂಪು ಹಚ್ಚಿದರು, ಹಿಡಿಕೆ ಬಿಚ್ಚಿಕೊಂಡು ಹೋದರು. ಕೆಂಪಾದ ಮೇಲೆ ಬೇರೆ ನೀರು ಕೊಡುವುದು ಪಂಚಾಯ್ತಿಯ ಜವಾಬ್ದಾರಿ. ಮೇಲಿನ ಬಾವಿಗೆ ಮೋಟರು ಹಾಕಿ, ಪೈಪು ಎಳೆದು, ಕೆಳಗಿನ ಕೇರಿಯಲ್ಲಿ ಒಂದು ಕರಿ ಪ್ಲಾಸ್ಟಿಕ್ ಟ್ಯಾಂಕು ಕೂಡಿಸುವುದೆಂದಾಯಿತು. ಕುರ್ಚಿ ಹಾಕಿಸಿದ್ದ ಆ ಹಿರಿಯರು, "ನೀರು ಪೈಪಿನ್ಯಾಗ ಹೋದ್ರ ನಮದೇನು ತಕರಾರಿಲ್ಲ" ಎಂದರು. ಯಾರೂ ಬರಬೇಕಿಲ್ಲ, ಯಾರೂ ಸುರಿಯಬೇಕಿಲ್ಲ. ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಲ್ಲಿಯಲ್ಲಿ ಬಂದ ಮೊದಲ ಕೊಡ ನೀರನ್ನು ನಾವೇ ಪರೀಕ್ಷೆ ಮಾಡಿದೆವು. ಚೆನ್ನಾಗಿತ್ತು.

ಮರುದಿನ ಕೂಸನ್ನು ಮನೆಗೆ ಕರೆದುಕೊಂಡು ಹೋದೆವು. ಅಷ್ಟೊತ್ತಿಗೆ ಅದು ಕತ್ತು ನಿಲ್ಲಿಸಿ ಎಲ್ಲರ ಮುಖ ನೋಡುತ್ತಿತ್ತು. ಅಜ್ಜಿ ಅಂಗಳದಲ್ಲೇ ಕಸಿದುಕೊಂಡು ದೃಷ್ಟಿ ತೆಗೆದಳು. ನನಗೆ ಬೆನ್ನು ಮಾಡಿ ಒಳಗೆ ಹೋದಳು. ಟಂಟಂನ ಸಿಟ್ಟು ಇನ್ನೂ ಇತ್ತೇನೋ. ಟ್ಯಾಂಕಿನ ನೀರು ಕಾಸಿ ಹಾಲು ಕಲಸಿದಳು, ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟಳು. "ನೀವೇ ಕುಡಸ್ರಿ. ಆಮ್ಯಾಲ ಮತ್ತ ಕಸಗೊಂಡು ಒಗದೀರಿ." ನಾನು ಕುಡಿಸಿದೆ. ಕೂಸು ಕಡೆಯ ಹನಿಯವರೆಗೆ ಚೀಪಿತು. ಉಗುರು ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ.

ಸಂಜೆಯ ಬಸ್ಸು ತಪ್ಪಿತು. ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು, ಅವಳ ಪಕ್ಕದಲ್ಲಿ ಹಾಸಿದ ಕೌದಿಯ ಮೇಲೆ ಅಡ್ಡಾದೆ. ಇನ್ನೊಮ್ಮೆ ಎದ್ದು ಉಗುರು ನೋಡಿ ಬರಬೇಕು ಎಂದುಕೊಂಡದ್ದು ನೆನಪಿದೆ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಕಾಲಿನ ಮೇಲೆ ಬಿದ್ದಿತ್ತು. ಅಜ್ಜಿ ಒಲೆಯ ಮುಂದಿನಿಂದಲೇ ತಿರುಗಿ ನೋಡಿದಳು.

"ಎದ್ರೇನ್ರಿ ಅಕ್ಕಾರ? ಕೂಸು ಎರಡು ಸಲ ಎದ್ದು ಅತ್ತು ಮಲಗ್ತು. ಇಡೀ ಕೇರಿ ಎದ್ದಿತ್ತು. ನೀವು ಮಗ್ಗಲ ಸೈತ ಬದಲ ಮಾಡ್ಲಿಲ್ಲ."